ಹಿತ್ತಲಿನ ಅಣಬೆ: ಕೀಳುವ ಮುಂಚೆ ಒಮ್ಮೆ ಕುಳಿತು ನೋಡಿ

ಮೃಗಶಿರಾ ಮಳೆ ಮುಗಿದು ಆರಿದ್ರಾ ಹಿಡಿಯುವ ಹೊತ್ತಿಗೆ ನಮ್ಮ ಮಲೆನಾಡಿನ ಮನೆಗಳ ಹಿತ್ತಲಿನಲ್ಲಿ ಬಿತ್ತದೆ ಬರುವ ಬೆಳೆಯೊಂದು ಏಳುತ್ತದೆ. ನಿನ್ನೆ ಸಂಜೆ ಬರಿ ನೆಲವಾಗಿದ್ದ ಕಡೆ ಇಂದು ಬೆಳಿಗ್ಗೆ ಬೆಳ್ಳನೆಯ ಕೊಡೆಗಳು ಬಿಚ್ಚಿ ನಿಂತಿರುತ್ತವೆ. ತಿಪ್ಪೆಯ ಪಕ್ಕ, ಸೌದೆ ಕೊಟ್ಟಿಗೆಯ ಮೂಲೆ, ಕಡಿದ ಮಾವಿನ ಬೊಡ್ಡೆ, ಬೇಲಿಗೂಟ, ಹುತ್ತದ ಬುಡ ಹೀಗೆ ನೋಡಿದಲ್ಲೆಲ್ಲ ಅಣಬೆ. ತುಳುವರು ಇದನ್ನು ಲಾಂಬು ಎನ್ನುತ್ತಾರೆ, ಕೊಡವರು ಕುಮ್ಮು ಎನ್ನುತ್ತಾರೆ. ತಿನ್ನಲು ಬಾರದ್ದೆಲ್ಲ ನಮ್ಮ ಕಡೆ ನಾಯಿಕೊಡೆ.

ಇದನ್ನು ಕಂಡಾಗ ನಮ್ಮಲ್ಲಿ ಮೂರು ಬಗೆಯ ಜನ. ಕಾಲಿನಿಂದ ಒದ್ದು ಮುಂದೆ ಹೋಗುವವರು ಕೆಲವರು. ತೋಟಕ್ಕೇನೋ ರೋಗ ಬಂತೆಂದು ಮೈಲುತುತ್ತದ ನೀರು ಸುರಿಯುವವರು ಕೆಲವರು. ಕಿತ್ತು ತಂದು ಸಾರು ಮಾಡುವವರು ಇನ್ನು ಕೆಲವರು. ಕುಳಿತು ನೋಡುವವರು ಮಾತ್ರ ಕಡಿಮೆ. ಆದರೆ ಈ ನೋಡುವ ಅಭ್ಯಾಸವೇ ಕೆಲವೊಮ್ಮೆ ಮರವನ್ನೂ ಕೆಲವೊಮ್ಮೆ ಮನೆಯವರನ್ನೂ ಉಳಿಸುತ್ತದೆ. ಇದನ್ನು ನನಗೆ ಕಲಿಸಿದ್ದು ಕಾಲೇಜಲ್ಲ, ಒಬ್ಬ ಅಜ್ಜಿ.

ಕೆಲವು ವರ್ಷಗಳ ಹಿಂದಿನ ಮಾತು. ಅಡಿಕೆಯ ಕೊಳೆರೋಗ ನೋಡಲೆಂದು ಒಂದು ಮನೆಗೆ ಹೋಗಿದ್ದೆ. ಜಗಲಿಯ ಮೇಲೆ ಬುಟ್ಟಿ ತುಂಬ ಅಣಬೆ. ಮಧ್ಯಾಹ್ನದ ಸಾರಿಗೆಂದು ಮೊಮ್ಮಗಳು ಕಿತ್ತು ತಂದಿದ್ದಳು. ಅಜ್ಜಿ ಬುಟ್ಟಿಯಿಂದ ಎರಡನ್ನು ತೆಗೆದು ನನ್ನ ಮುಂದೆ ಹಿಡಿದು, “ಇವು ಒಂದೇ ಜಾತಿಯೋ ಎರಡೋ, ಹೇಳಿ ಸಾರ್” ಎಂದರು. ಎರಡೂ ಬಿಳಿ, ಎರಡೂ ಅಂಗೈಯಗಲ. ನಾನು ಓದಿದ್ದು ರೋಗ ತರುವ ಶಿಲೀಂಧ್ರಗಳನ್ನು, ಅದೂ ಪುಸ್ತಕದಲ್ಲಿ. “ಒಂದೇ ಇರಬೇಕು ಅಜ್ಜಿ” ಎಂದುಬಿಟ್ಟೆ.

“ಅಲ್ಲ ಸಾರ್. ಇದು ಹುತ್ತದ ಬದಿಯದು. ಬುಡ ನೋಡಿ, ಬೇರಿನ ಹಾಗೆ ಕೆಳಗೆ ಇಳಿದಿದೆ. ಅದು ತಿಪ್ಪೆ ಬದಿಯದು. ಬೇರಿಲ್ಲ, ಬುಡ ಉಂಡೆ. ಅದನ್ನು ನಮ್ಮತ್ತೆ ಹೊಸಿಲು ದಾಟಿಸಲು ಬಿಡ್ತಿರಲಿಲ್ಲ” ಎಂದು ಬುಟ್ಟಿಯನ್ನೆಲ್ಲ ನೆಲಕ್ಕೆ ಸುರಿದು ಒಂದೊಂದನ್ನೇ ಎರಡು ಗುಡ್ಡೆ ಮಾಡಿದರು. ತಿಪ್ಪೆಯ ಗುಡ್ಡೆಯಿಂದ ಒಂದನ್ನು ನಾನು ಮನೆಗೆ ತಂದು, ಕೊಡೆಯನ್ನು ಬಿಳಿ ಕಾಗದದ ಮೇಲೆ ಬೋರಲಿಟ್ಟು ಲೋಟ ಮುಚ್ಚಿದೆ. ಬೆಳಿಗ್ಗೆ ಎತ್ತಿ ನೋಡಿದರೆ ಕಾಗದದ ಮೇಲೆ ಮಾಸಲು ಹಸಿರು ಪುಡಿ. ಅಜ್ಜಿ ಹೇಳಿದ್ದು ಸರಿಯಾಗಿತ್ತು. ಅದು ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ಎಂಬ ವಿಷದ ಅಣಬೆ. ಅಂದು ಅಜ್ಜಿ ಮನೆಯಲ್ಲಿಲ್ಲದಿದ್ದರೆ ಆ ಮನೆಯ ಐದು ಜನ ಸಂಜೆಯೊಳಗೆ ಆಸ್ಪತ್ರೆಯಲ್ಲಿರುತ್ತಿದ್ದರು. ಜೊತೆಗೆ ಊಟಕ್ಕೆ ಕುಳಿತಿದ್ದರೆ ನಾನೂ ಇರುತ್ತಿದ್ದೆ.

ಅಣಬೆ ಎಂದರೆ ಹಣ್ಣು, ಗಿಡ ನೆಲದೊಳಗೆ

ಮಾವಿನ ಮರಕ್ಕೆ ಹಣ್ಣು ಹೇಗೋ ಶಿಲೀಂಧ್ರಕ್ಕೆ ಅಣಬೆ ಹಾಗೆ. ನಿಜವಾದ ಒಡಲು ನೆಲದೊಳಗೆ, ಮರದೊಳಗೆ, ಗೊಬ್ಬರದೊಳಗೆ ಹತ್ತಿಯ ನೂಲಿಗಿಂತ ಸಣ್ಣ ಎಳೆಗಳ ಬಲೆಯಾಗಿ ವರ್ಷವೆಲ್ಲ ಹರಡಿಕೊಂಡಿರುತ್ತದೆ. ಮಳೆ ಬಿದ್ದು ನೆಲ ನೆನೆದು ಕಾವು ಇಳಿದಾಗ ಆ ಬಲೆ ಅಣಬೆಯನ್ನು ಮೇಲಕ್ಕೆ ಕಳಿಸುತ್ತದೆ. ಕೊಡೆಯ ಅಡಿಯ ಪದರುಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಕಣಗಳು ಗಾಳಿಗೆ ಉದುರುತ್ತವೆ. ಆದ್ದರಿಂದ ಅಣಬೆಯನ್ನು ಒದ್ದರೆ ಶಿಲೀಂಧ್ರ ಸಾಯುವುದಿಲ್ಲ. ಹಣ್ಣು ಕಿತ್ತ ಮಾತ್ರಕ್ಕೆ ಮರ ಸಾಯುವುದುಂಟೇ?

ಶಿಲೀಂಧ್ರ ಸಸ್ಯವಲ್ಲ. ಅದಕ್ಕೆ ಪತ್ರಹರಿತ್ತಿಲ್ಲ, ಬಿಸಿಲಿನಿಂದ ಆಹಾರ ತಯಾರಿಸಲು ಬಾರದು. 1969ರಲ್ಲಿ ವಿಟೇಕರ್ ಎಂಬ ವಿಜ್ಞಾನಿ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಶಿಲೀಂಧ್ರಗಳಿಗೆ ಸಸ್ಯಗಳಿಂದ ಬೇರೆಯಾದ ಸ್ಥಾನ ಕೊಟ್ಟರು. ಏಡಿಯ ಚಿಪ್ಪಿನಲ್ಲಿರುವ ಕೈಟಿನ್ ಎಂಬ ವಸ್ತುವೇ ಶಿಲೀಂಧ್ರದ ಜೀವಕೋಶದ ಗೋಡೆಯಲ್ಲೂ ಇದೆ. ವಂಶದ ಲೆಕ್ಕದಲ್ಲಿ ಅಣಬೆಗೆ ಗಿಡಕ್ಕಿಂತ ಪ್ರಾಣಿಯೇ ಹತ್ತಿರದ ನಂಟು. ಇದುವರೆಗೆ ಹೆಸರಿಟ್ಟಿರುವ ಶಿಲೀಂಧ್ರಗಳು ಸುಮಾರು ಒಂದೂವರೆ ಲಕ್ಷ ಜಾತಿ. ಲೋಕದಲ್ಲಿ ಒಟ್ಟು 22 ಲಕ್ಷದಿಂದ 38 ಲಕ್ಷ ಜಾತಿಗಳಿರಬಹುದೆಂದು 2017ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. ಹಾಗಾಗಿ ನಿಮ್ಮ ಹಿತ್ತಲಿನಲ್ಲಿ ಎದ್ದ ಅಣಬೆಯ ಹೆಸರು ನಿಮ್ಮೂರಿನ ಅಧಿಕಾರಿಗೆ ಗೊತ್ತಿಲ್ಲದಿದ್ದರೆ ಅವರನ್ನು ದೂರಬೇಡಿ.

ಹೆದರಿಕೆಯ ಮೂಲ

ರೈತನಿಗೆ ಶಿಲೀಂಧ್ರವೆಂದರೆ ಹೆದರಿಕೆ ಇರುವುದು ಸಹಜ. ಭತ್ತದ ಬೆಂಕಿ ರೋಗ, ಜೋಳದ ಕಾಡಿಗೆ ರೋಗ, ಕಾಫಿಯ ಎಲೆ ತುಕ್ಕು ಎಲ್ಲವೂ ಅದರ ಉಪದ್ರವಗಳೇ. ಅಡಿಕೆ ಬೆಳೆಗಾರರಿಗೆ ಕೊಳೆರೋಗದ ನೆನಪೇ ಸಾಕು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್‌ಮನ್ ಅವರು ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಇಂದಿಗೂ ನಾವು ಮಳೆಗಾಲದಲ್ಲಿ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ವಿಶೇಷವೇನೆಂದರೆ, ಕೊಳೆರೋಗ ತರುವ ಫೈಟಾಫ್ತೊರ ನಿಜವಾದ ಶಿಲೀಂಧ್ರವೇ ಅಲ್ಲವೆಂದು ಈಗ ಗೊತ್ತಾಗಿದೆ. ನೋಡಲು ಶಿಲೀಂಧ್ರದಂತಿದ್ದರೂ ಅದು ಕಂದು ಪಾಚಿಗಳಿಗೆ ನಂಟಾದ ಬೇರೊಂದು ಗುಂಪಿನ ಜೀವಿ. ಅದರ ತಪ್ಪಿಗೆ ತೋಟದ ನೆಲದ ಅಣಬೆಗಳು ಶಿಕ್ಷೆ ಅನುಭವಿಸುವುದು ಸರಿಯಲ್ಲ.

ಗೊನೆಗೆ ಹೊಡೆಯುವ ಬೋರ್ಡೋ ಬೇರೆ, ಹಿತ್ತಲಿನ ಅಣಬೆಗೆಂದು ನೆಲಕ್ಕೆ ಮೈಲುತುತ್ತ ಸುರಿಯುವುದು ಬೇರೆ. ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವ ವಸ್ತುವಲ್ಲ, ವರ್ಷದಿಂದ ವರ್ಷಕ್ಕೆ ಕೂಡಿಕೊಳ್ಳುತ್ತದೆ. ಅದು ಮಣ್ಣಿನ ಉಪಕಾರಿ ಜೀವಿಗಳಿಗೂ ಕೇಡು.

ಎಲ್ಲೆಲ್ಲಿ ಏನೇನು?

ಬೆಳಿಗ್ಗೆ ಹಾಲು ಕರೆದಾದ ಮೇಲೆ ಕಾಲು ಗಂಟೆ ಹಿತ್ತಲಿನಲ್ಲಿ ತಿರುಗಿ. ಅಣಬೆ ಎದ್ದ ಜಾಗವೇ ಅದರ ಕೆಲಸವನ್ನು ಹೇಳುತ್ತದೆ.

ತಿಪ್ಪೆ ಮತ್ತು ಗೊಬ್ಬರಗುಂಡಿ: ಇಲ್ಲಿ ಬೂದು ಬಣ್ಣದ ಗಂಟೆಯಾಕಾರದ ಸಣ್ಣ ಅಣಬೆಗಳು ಗುಂಪಾಗಿ ಏಳುತ್ತವೆ. ಮಧ್ಯಾಹ್ನದ ಹೊತ್ತಿಗೆ ಅಂಚಿನಿಂದ ಕರಗಿ ಕಪ್ಪು ನೀರಾಗಿ ತೊಟ್ಟಿಕ್ಕುತ್ತವೆ. ಇವು ಶಾಯಿ ಅಣಬೆಗಳು. ಹಿಂದಿನ ಕಾಲದಲ್ಲಿ ಈ ಕಪ್ಪು ರಸದಿಂದ ಬರೆಯುವ ಶಾಯಿ ಮಾಡುತ್ತಿದ್ದುದೂ ಉಂಟು. ಇವು ಎದ್ದವೆಂದರೆ ಗೊಬ್ಬರ ಕಳಿಯುವ ಕೆಲಸ ನಡೆದಿದೆ ಎಂದು ತಿಳಿಯಬಹುದು.

ಕಡಿದ ಬೊಡ್ಡೆ ಮತ್ತು ಬೇಲಿಗೂಟ: ಬೀಸಣಿಗೆಯಂತೆ ಸಾಲಾಗಿ ಅಂಟಿಕೊಂಡಿರುವ ಬೂದುಬಿಳಿ ಅಣಬೆಯನ್ನು ಎಲ್ಲರೂ ನೋಡಿರುತ್ತೀರಿ. ಅಡಿಯ ಪದರುಗಳು ಉದ್ದಕ್ಕೆ ಸೀಳಿರುವುದು ಇದರ ಗುರುತು. ಬಿಸಿಲು ಬಂದರೆ ಮುದುರಿಕೊಳ್ಳುತ್ತದೆ, ಮಳೆ ಬಂದರೆ ಮತ್ತೆ ಅರಳುತ್ತದೆ. ಅಂಟಾರ್ಕ್ಟಿಕ ಒಂದನ್ನು ಬಿಟ್ಟು ಎಲ್ಲ ಖಂಡಗಳಲ್ಲೂ ಇದು ಇದೆ. ಅದೇ ಬೊಡ್ಡೆಯ ಮೇಲೆ ಕಿವಿಯ ಆಕಾರದ, ಮುಟ್ಟಿದರೆ ಮೆದುವಾದ ಕಂದು ಅಣಬೆಯೂ ಕಾಣಬಹುದು. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಚೆನ್ನಾಗಿ ಒಡೆದು ಕರಗಿಸಬಲ್ಲವು ಮುಖ್ಯವಾಗಿ ಕೆಲವು ಜಾತಿಯ ಶಿಲೀಂಧ್ರಗಳೇ. ಇವು ಇಲ್ಲದಿದ್ದರೆ ಬಿದ್ದ ಮರ, ಸೋಗೆ, ತೆಂಗಿನ ಸಿಪ್ಪೆ ಬಿದ್ದಲ್ಲೇ ರಾಶಿಯಾಗಿ ಉಳಿಯುತ್ತಿದ್ದವು.

ಕೊಳೆತ ಕಡ್ಡಿ ಮತ್ತು ಒಣ ಸಗಣಿ: ಇಲ್ಲಿ ತುಸು ಬಗ್ಗಿ ನೋಡಬೇಕು. ಕಾಲಂಗುಲ ಅಗಲದ ಬಟ್ಟಲುಗಳು, ಒಳಗೆ ನಾಲ್ಕಾರು ಚಪ್ಪಟೆ ಮೊಟ್ಟೆಗಳು. ಥೇಟ್ ಹಕ್ಕಿಯ ಗೂಡು! ಮೊಟ್ಟೆಯಂತೆ ಕಾಣುವುದು ಬೀಜಕಣದ ಗಂಟು. ಮಳೆಹನಿ ಬಟ್ಟಲಿಗೆ ನೇರ ಬಿದ್ದರೆ ಆ ಗಂಟು ಮೂರು ಅಡಿ ದೂರದವರೆಗೂ ಸಿಡಿಯಬಲ್ಲದು. ಹನಿಯ ಪೆಟ್ಟನ್ನೇ ಬಿತ್ತನೆಗೆ ಬಳಸಿಕೊಳ್ಳುವ ಈ ಉಪಾಯವನ್ನು ಮಕ್ಕಳಿಗೆ ತೋರಿಸಿ.

ತರಗೆಲೆಯ ಹೊದಿಕೆ: ಅಡಿಕೆ ಬುಡಕ್ಕೆ ಹಾಸಿದ ಸೊಪ್ಪನ್ನು ಎತ್ತಿದರೆ ಬಿಳಿ ನೂಲಿನ ಬಲೆ ಕಾಣುತ್ತದೆ. ಬೂಷ್ಟು ಬಂತೆಂದು ಹೆದರಬೇಕಿಲ್ಲ. ಸತ್ತ ಎಲೆಯ ಮೇಲೆ ಹಬ್ಬಿದ ನೂಲು ಗೊಬ್ಬರ ಮಾಡುವ ಕೆಲಸದಲ್ಲಿದೆ. ಆದರೆ ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ಮೆಣಸಿನಕಾಯಿ, ಟೊಮೇಟೊ, ನೆಲಗಡಲೆ, ವೀಳ್ಯದೆಲೆಯ ಬಳ್ಳಿಗಳ ಜೀವಂತ ಬುಡವನ್ನೇ ಬಿಳಿ ನೂಲು ತಬ್ಬಿಕೊಂಡು, ಅದರಲ್ಲಿ ಸಾಸಿವೆ ಕಾಳಿನಂಥ ಗುಂಡುಗಳಿದ್ದರೆ ಅದು ಸ್ಕ್ಲೆರೋಷಿಯಂ ಎಂಬ ಬುಡ ಕೊಳೆಸುವ ರೋಗ. ಅಂಥ ಗಿಡವನ್ನು ಸುತ್ತಲಿನ ಮಣ್ಣಿನ ಸಮೇತ ಕಿತ್ತು ಸುಡಬೇಕು.

ಬಿದಿರು ಮೆಳೆಯ ಅಡಿ: ಅಪರೂಪಕ್ಕೆ ಇಲ್ಲಿ ಬಿಳಿ ಬಲೆಯ ಲಂಗ ತೊಟ್ಟ ಅಣಬೆಯೊಂದು ಏಳುತ್ತದೆ. ನೋಡಲು ಅಷ್ಟು ಅಂದ, ವಾಸನೆ ಮಾತ್ರ ಸತ್ತ ಇಲಿಯದು. ತಲೆಯ ಮೇಲಿನ ಲೋಳೆಗೆ ಮುತ್ತುವ ನೊಣಗಳೇ ಇದರ ಬೀಜಕಣಗಳನ್ನು ಸಾಗಿಸುತ್ತವೆ. ಒಂದೆರಡು ದಿನದಲ್ಲಿ ತಾನಾಗಿ ಕುಸಿಯುತ್ತದೆ, ಕಿತ್ತೊಗೆಯುವ ಶ್ರಮ ಬೇಡ.

ಕಾಡಿನ ಅಂಚಿನ ಮನೆಯವರಿಗೆ ಇನ್ನೊಂದು ನೋಟ ಉಂಟು. ಮಳೆಗಾಲದ ಕತ್ತಲೆ ರಾತ್ರಿ ದೀಪ ಆರಿಸಿ, ಹತ್ತು ನಿಮಿಷ ಕಣ್ಣು ಹೊಂದಿಸಿಕೊಂಡು ನೋಡಿದರೆ ನೆನೆದ ಕೊರಡುಗಳ ಮೇಲೆ ತಣ್ಣನೆಯ ಹಸಿರು ಬೆಳಕು ಕಾಣುವುದುಂಟು. ಅದು ದೆವ್ವವಲ್ಲ. ಪಶ್ಚಿಮ ಘಟ್ಟದ ಕಾಡುಗಳಲ್ಲಿರುವ ಬೆಳಗುವ ಶಿಲೀಂಧ್ರ.

ಹುತ್ತದ ಅಣಬೆ: ಗೆದ್ದಲಿನ ಬೇಸಾಯ

ಅಜ್ಜಿ ಬೇರು ತೋರಿಸಿದ ಅಣಬೆಯ ಕಥೆ ಕೃಷಿಕರೆಲ್ಲ ತಿಳಿಯಬೇಕಾದದ್ದು. ಇದರ ಕುಲಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರು. ನಮ್ಮ ಹುತ್ತಗಳ ಗೆದ್ದಲು ಒಣ ಎಲೆ, ಮರದ ಚೂರುಗಳನ್ನು ತಿಂದು, ಹುತ್ತದೊಳಗೆ ಜೇನುಹುಟ್ಟಿನಂಥ ತಟ್ಟಿಗಳನ್ನು ಕಟ್ಟಿ, ಅವುಗಳ ಮೇಲೆ ಈ ಶಿಲೀಂಧ್ರವನ್ನು ಬೆಳೆಸುತ್ತದೆ. ಶಿಲೀಂಧ್ರ ಆ ಕಸವನ್ನು ಮೆದು ಮಾಡುತ್ತದೆ, ಗೆದ್ದಲು ಅದನ್ನು ಉಣ್ಣುತ್ತದೆ. ಮಳೆ ಹಿಡಿದಾಗ ತಟ್ಟಿಯಿಂದ ಹೊರಟ ಅಣಬೆ ಮಣ್ಣನ್ನು ಸೀಳಿಕೊಂಡು ಮೇಲೆ ಬರುತ್ತದೆ. ಬೇರಿನಂತೆ ಕಾಣುವುದು ಹುತ್ತದ ತಟ್ಟಿಯವರೆಗೆ ಇಳಿದ ಕಾಂಡವೇ. ಮನುಷ್ಯ ಬೇಸಾಯ ಕಲಿತು ಸುಮಾರು ಹತ್ತು ಸಾವಿರ ವರ್ಷಗಳಾದವು. ಗೆದ್ದಲು ಈ ಬೇಸಾಯ ಹಿಡಿದು ಸುಮಾರು 3 ಕೋಟಿ ವರ್ಷಗಳಾಗಿವೆ ಎಂದು ಲೆಕ್ಕ ಹಾಕಿದ್ದಾರೆ.

ಇದೇ ಕುಲದಲ್ಲಿ ಅರ್ಧ ಮುಕ್ಕಾಲು ಅಂಗುಲದ ಕೊಡೆ ಬಿಚ್ಚಿ ನೆಲದ ಮೇಲೆ ಮಂಡಕ್ಕಿ ಚೆಲ್ಲಿದಂತೆ ನೂರಾರು ಏಳುವ ಜಾತಿಯೂ ಇದೆ, ಆಫ್ರಿಕದ ಜಾಂಬಿಯದಲ್ಲಿ ಮೂರು ಅಡಿಯವರೆಗೆ ಕೊಡೆ ಬಿಚ್ಚುವ ಜಾತಿಯೂ ಇದೆ. ಗೆದ್ದಲಿನ ನೆರವಿಲ್ಲದೆ ಇದನ್ನು ಶೆಡ್ಡಿನಲ್ಲಿ ಬೆಳೆಸುವುದು ಚಿಪ್ಪಣಬೆ ಬೆಳೆಸಿದಂತೆ ಸಾಧ್ಯವಾಗಿಲ್ಲ. ಎಳೆ ತೆಂಗಿನ ಸಸಿಗೆ ಗೆದ್ದಲು ಹಾನಿ ಮಾಡುವುದು ನಿಜ. ಸಸಿಯ ಬುಡದಲ್ಲಿ ಅದಕ್ಕೆ ಬೇಕಾದ ರಕ್ಷಣೆ ಮಾಡಿಕೊಳ್ಳಿ. ಆದರೆ ಹಿತ್ತಲಿನ ಮೂಲೆಯಲ್ಲಿ ತಾನಾಗಿರುವ ಹುತ್ತಕ್ಕೆ ವಿಷ ಸುರಿಯುವ ಅಗತ್ಯವಿಲ್ಲ. ಹುತ್ತ ಹೋದರೆ ಅಣಬೆಯೂ ಹೋಯಿತು. ಕೀಳುವವರು ಹುತ್ತವನ್ನು ಅಗೆಯಬಾರದು. ಪೂರ್ತಿ ಬಿರಿದ ಕೆಲವನ್ನು ಬೀಜಕಣ ಉದುರಲೆಂದು ಬಿಟ್ಟು ಬರಬೇಕು.

ಎಚ್ಚರಿಸುವ ಅಣಬೆ

ಹಿತ್ತಲಿನ ಅಣಬೆಗಳಲ್ಲಿ ಒಂದನ್ನು ಮಾತ್ರ ಕಂಡ ಕೂಡಲೇ ಕೆಲಸಕ್ಕೆ ಇಳಿಯಬೇಕು. ಜೀವಂತವಿರುವ ಅಡಿಕೆ ಅಥವಾ ತೆಂಗಿನ ಬುಡದಲ್ಲಿ, ವಾರ್ನಿಷ್ ಬಳಿದಂತೆ ಹೊಳೆಯುವ ಕೆಂಗಂದು ಬಣ್ಣದ, ಬಿಳಿ ಅಂಚಿನ, ಮರದಷ್ಟು ಗಟ್ಟಿಯಾದ ಅಣಬೆ ಎದ್ದರೆ ಅದು ಗ್ಯಾನೋಡರ್ಮ. ಅಡಿಕೆಯಲ್ಲಿ ಇದಕ್ಕೆ ಅಣಬೆ ರೋಗವೆಂದೇ ಹೆಸರು. ತೆಂಗಿನಲ್ಲಿ ಬುಡ ಕೊಳೆಯುವ ಈ ರೋಗವನ್ನು ತಂಜಾವೂರು ಸೊರಗು ರೋಗ ಎಂದೂ ಕರೆಯುತ್ತಾರೆ. ಅಡಿ ಗರಿಗಳು ಹಳದಿಯಾಗಿ ಜೋತು ಬೀಳುವುದು, ಕಾಂಡದ ಬುಡದಿಂದ ಕಂದು ರಸ ಸೋರುವುದು, ಕಾಯಿ ಉದುರುವುದು ಇದರ ಲಕ್ಷಣ. ಅಣಬೆ ಕಾಣುವ ವೇಳೆಗೆ ಆ ಮರ ಬಹುಪಾಲು ಕೈತಪ್ಪಿರುತ್ತದೆ. ಆದರೆ ಪಕ್ಕದ ಮರಗಳು ಇನ್ನೂ ನಿಮ್ಮ ಕೈಯಲ್ಲಿರುತ್ತವೆ.

ಕೂಡಲೇ ಮಾಡಬೇಕಾದದ್ದು ಇಷ್ಟು. ರೋಗದ ಮರದ ಸುತ್ತ ಎರಡು ಅಡಿ ಆಳ, ಒಂದು ಅಡಿ ಅಗಲದ ಕಾಲುವೆ ತೆಗೆದು ಬೇರುಗಳ ಸಂಪರ್ಕ ಕಡಿಯಿರಿ. ಆ ಮರದ ನೀರು ಬೇರೆ ಮರಗಳ ಬುಡಕ್ಕೆ ಹರಿಯದಂತೆ ನೋಡಿಕೊಳ್ಳಿ. ಸತ್ತ ಮರವನ್ನು ಬೊಡ್ಡೆ, ಬೇರು ಸಮೇತ ತೆಗೆದು ಸುಡಿ. ಮಾವಿನ ಕೊರಡನ್ನು ಹಿತ್ತಲಿನಲ್ಲಿ ಬಿಡಬಹುದು, ಆದರೆ ರೋಗದಿಂದ ಸತ್ತ ಅಡಿಕೆ, ತೆಂಗಿನ ಬೊಡ್ಡೆಯನ್ನು ಎಂದೂ ಬಿಡಬಾರದು. ಸುತ್ತಲಿನ ತೆಂಗಿನ ಮರಗಳಿಗೆ ವರ್ಷಕ್ಕೆ ಮರವೊಂದಕ್ಕೆ 5 ಕಿಲೋ ಬೇವಿನ ಹಿಂಡಿಯನ್ನು ಟ್ರೈಕೋಡರ್ಮ ಬೆರೆಸಿ ಹಾಕಿ. ಅಡಿಕೆಗೆ ಹಾಕುವ ಪ್ರಮಾಣವನ್ನು ರೈತ ಸಂಪರ್ಕ ಕೇಂದ್ರದಲ್ಲಾಗಲಿ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ವಿಚಾರಿಸಿ. ಈ ಟ್ರೈಕೋಡರ್ಮವೂ ಒಂದು ಶಿಲೀಂಧ್ರವೇ ಎಂಬುದನ್ನು ಗಮನಿಸಿ. ಬೇವಿನ ಹಿಂಡಿಯಲ್ಲಿ ಅದನ್ನು ಬೆಳೆಸಿ ಹಾಕುವ ನಾವು, ಅದರ ಹಿಂದೆಯೇ ನೆಲಕ್ಕೆ ಮೈಲುತುತ್ತ ಸುರಿದರೆ ಹಾಕಿದ್ದೂ ವ್ಯರ್ಥ.

ತಿನ್ನುವ ಮಾತು

ತಿಪ್ಪೆಯ ಬದಿ, ಹುಲ್ಲುನೆಲದಲ್ಲಿ ಮಳೆಯ ನಂತರ ಏಳುವ ಹಸಿರು ಬೀಜಕಣದ ಅಣಬೆ ನೋಡಲು ತುಂಬ ಚೆಂದ. ಬಿಳಿ ಕೊಡೆ, ನಡುವೆ ಕಂದು ಹೊಪ್ಪಳೆ, ಕಾಂಡಕ್ಕೊಂದು ಉಂಗುರ. ಎಳೆಯದಾಗಿದ್ದಾಗ ಅಡಿಯ ಪದರು ಬೆಳ್ಳಗೇ ಇರುತ್ತದೆ. ಹಸಿರು ಛಾಯೆ ಬರುವುದು ಬಲಿತ ಮೇಲೆ. ಜನ ಮೋಸಹೋಗುವುದು ಇಲ್ಲಿಯೇ. ತಿಂದ ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಹೊಟ್ಟೆ ನುಲಿತ, ಭೇದಿ ಶುರುವಾಗುತ್ತದೆ.

ಇದಕ್ಕಿಂತ ಕ್ರೂರವಾದವು ಅಮನಿಟ ಗುಂಪಿನ ಕೆಲವು ಜಾತಿಗಳು. ಇವುಗಳ ವಿಷ ತಿಂದ ಆರು ಗಂಟೆಯಾದರೂ ಸುಮ್ಮನಿರುತ್ತದೆ. ಆಮೇಲೆ ವಾಂತಿಭೇದಿ. ಮರುದಿನ ಗುಣವಾದಂತೆ ತೋರುತ್ತದೆ, ಅಷ್ಟರಲ್ಲಿ ಯಕೃತ್ತು ಕೆಡುತ್ತಿರುತ್ತದೆ. ಕುದಿಸಿದರೂ ಹುರಿದರೂ ಈ ವಿಷ ಹೋಗದು.

ಬೆಳ್ಳಿ ನಾಣ್ಯ ಕಪ್ಪಾಗದಿದ್ದರೆ ಒಳ್ಳೆಯದು, ಬೆಳ್ಳುಳ್ಳಿಯ ಬಣ್ಣ ಕೆಡದಿದ್ದರೆ ಒಳ್ಳೆಯದು, ಹುಳ ತಿಂದಿದ್ದರೆ ನಾವೂ ತಿನ್ನಬಹುದು ಎಂಬ ಮಾತುಗಳನ್ನು ನಂಬಿ ಕೆಟ್ಟವರುಂಟು. ಇವು ಯಾವುವೂ ಪರೀಕ್ಷೆಯಲ್ಲ. ಬುಡದಲ್ಲಿ ಬೇರಿರುವುದೆಲ್ಲ ತಿನ್ನುವ ಅಣಬೆ ಎಂದೂ ತಿಳಿಯಬಾರದು. ಅಜ್ಜಿ ಬೇರೊಂದನ್ನೇ ನೋಡಿದವರಲ್ಲ. ಎದ್ದ ಜಾಗ, ಮಳೆಯ ನಕ್ಷತ್ರ, ಕೊಡೆಯ ನಡುವಿನ ಮೊನೆ, ಪದರಿನ ಬಣ್ಣ, ವಾಸನೆ ಎಲ್ಲವನ್ನೂ ಒಟ್ಟಿಗೆ ನೋಡುವ ಐವತ್ತು ಮಳೆಗಾಲಗಳ ಅಭ್ಯಾಸ ಅವರದು. ಈ ಲೇಖನ ಓದಿ ಯಾರೂ ಅಣಬೆ ಕಿತ್ತು ತಿನ್ನತಕ್ಕದ್ದಲ್ಲ. ತಿನ್ನುವ ಆಸೆಯಿದ್ದರೆ ಚಿಪ್ಪಣಬೆಯನ್ನೋ ಹಾಲಣಬೆಯನ್ನೋ ಭತ್ತದ ಹುಲ್ಲಿನಲ್ಲಿ ಬೆಳೆಸಿ. ತರಬೇತಿಯ ವಿವರವನ್ನು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಅಣಬೆ ತಿಂದವರಿಗೆ ವಾಂತಿ ಶುರುವಾದರೆ ಮನೆಮದ್ದಿನಲ್ಲಿ ಹೊತ್ತು ಕಳೆಯಬೇಡಿ. ಉಳಿದ ಅಣಬೆ ಅಥವಾ ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿಕೊಂಡು, ತಿಂದವರೆಲ್ಲರನ್ನೂ ಆಸ್ಪತ್ರೆಗೆ ಕರೆದೊಯ್ಯಿರಿ. ಎಷ್ಟು ಹೊತ್ತಿಗೆ ತಿಂದರು, ಎಷ್ಟು ಹೊತ್ತಿಗೆ ವಾಂತಿಯಾಯಿತು ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಮಕ್ಕಳಿಗೊಂದು ಕೆಲಸ

ನೋಡುವುದಕ್ಕೆ ಯಾವ ಅಪಾಯವೂ ಇಲ್ಲ. ಮುಟ್ಟಿದ ಮೇಲೆ ಕೈ ತೊಳೆದರೆ ಸಾಕು. ಮಕ್ಕಳಿಗೆ ಒಂದು ಹಳೆಯ ನೋಟುಪುಸ್ತಕ ಕೊಡಿ. ಅಣಬೆ ಎದ್ದ ದಿನ, ಆಗಿನ ಮಳೆ, ಎದ್ದ ಜಾಗ, ಬಣ್ಣ, ಎಷ್ಟು ದಿನ ನಿಂತಿತು ಎಂಬುದನ್ನು ಬರೆಯಲಿ. ಕಾಂಡ ಕತ್ತರಿಸಿದ ಕೊಡೆಯನ್ನು ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಬೋರಲಿಟ್ಟು ರಾತ್ರಿಯೆಲ್ಲ ಲೋಟ ಮುಚ್ಚಿಡಲಿ. ಅಡಿಗೆಮನೆಯ ಲೋಟ ಬೇಡ, ಹಳೆಯ ಡಬ್ಬಿ ಸಾಕು. ಬೆಳಿಗ್ಗೆ ಬೀಜಕಣಗಳು ಪದರಿನ ಗೆರೆಗೆರೆಯನ್ನೂ ಕಾಗದದ ಮೇಲೆ ಬರೆದಿರುತ್ತವೆ. ಹುತ್ತದ ಅಣಬೆಯದು ನಸುಗೆಂಪು, ಶಾಯಿ ಅಣಬೆಯದು ಕಪ್ಪು, ಅಮನಿಟದ್ದು ಬಿಳಿ, ತಿಪ್ಪೆ ಬದಿಯ ಆ ಮೋಸಗಾರನದು ಹಸಿರು. ಇದು ಗುರುತು ಹಿಡಿಯುವ ಮೊದಲ ಪಾಠವೇ ಹೊರತು ತಿನ್ನಲು ಅಪ್ಪಣೆಯಲ್ಲ.

ಆ ಅಜ್ಜಿ ಈಗ ಇಲ್ಲ. ಕಳೆದ ಮಳೆಗಾಲದಲ್ಲಿ ಅವರ ಮನೆಗೆ ಹೋಗಿದ್ದಾಗ ಮೊಮ್ಮಗಳು ತನ್ನ ಪುಸ್ತಕ ತಂದು ತೋರಿಸಿದಳು. ನಾಲ್ಕು ಮಳೆಗಾಲಗಳ ಲೆಕ್ಕ, ಇಪ್ಪತ್ತಕ್ಕೂ ಹೆಚ್ಚು ಅಣಬೆಗಳು. ಬಹಳಷ್ಟಕ್ಕೆ ಹೆಸರಿಲ್ಲ, ಜಾಗದ ಗುರುತು ಮಾತ್ರ. ಒಂದು ಪುಟದಲ್ಲಿ ಹಸಿರು ಪುಡಿಯ ಅಚ್ಚು, ಅದರ ಕೆಳಗೆ “ಅಜ್ಜಿ ಹೊಸಿಲು ದಾಟಿಸದ್ದು” ಎಂದು ಬರೆದಿದ್ದಳು. ನಿಮ್ಮ ಮನೆಯಲ್ಲೂ ಹಿತ್ತಲಿನ ಅಣಬೆ ಬಲ್ಲ ಹಿರಿಯರಿದ್ದರೆ ಈ ಆರಿದ್ರಾದಲ್ಲಿಯೇ ಅವರ ಜೊತೆ ಒಂದು ಸುತ್ತು ಹೋಗಿಬನ್ನಿ. ಕೈಯಲ್ಲಿ ಬುಟ್ಟಿ ಬೇಡ, ಪುಸ್ತಕವಿರಲಿ.